ಮೇಜಿನ ಮೇಲೊಂದು ವಿಮಾನ

1934ನೆಯ ಇಸವಿಯ ಫೆಬ್ರುವರಿ ತಿಂಗಳು. ಅಮೆರಿಕದಲ್ಲಿ ಅಂಚೆಯನ್ನು ವಿಮಾನದಲ್ಲಿ ಒಯ್ಯುವ ಹೊಣೆ ಆ ದೇಶದ ಸೇನೆಯ ವಾಯುದಳದ ಮೇಲೆ ಬಿದ್ದಿತು. ಆ ಚಳಿಗಾಲ ಕಠಿಣವಾಗಿತ್ತು. ಎಲ್ಲೆಲ್ಲೂ ಹಿಮ, ಮಂಜು, ಕತ್ತಲೆ. ಹಗಲಿನಲ್ಲಿ ನೆಲವನ್ನು ನೋಡಿಕೊಂಡು ಹಾರುವುದರಲ್ಲಿ ಪಳಗಿದ್ದ ತರುಣ ವಿಮಾನಿಗಳು ಉಪಕರಣಗಳ ಮುಳ್ಳುಗಳನ್ನು ಮಾತ್ರ ನಂಬಿ ಹಾರಬೇಕಾಗಿ ಬಂದಾಗ ದಾರಿ ತಪ್ಪಿದರು. ಕೆಲವೇ ವಾರಗಳಲ್ಲಿ ಹಲವರು ಪ್ರಾಣವನ್ನೇ ಕಳೆದುಕೊಂಡರು.

ಈ ಅನಾಹುತಕ್ಕೆ ಪರಿಹಾರ ದೊರೆತದ್ದು ಯಾರೂ ನಿರೀಕ್ಷಿಸದ ಒಂದು ಸ್ಥಳದಲ್ಲಿ. ಪಿಯಾನೊ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ! ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಪಟ್ಟಣದ ಎಡ್ವಿನ್ ಲಿಂಕ್ ಎಂಬಾತನು ತನ್ನ ತಂದೆಯ ಕಾರ್ಖಾನೆಯಲ್ಲಿ, ಆರ್ಗನ್ನಿಗೆ ಗಾಳಿಯೂದುವ ತಿದಿಗಳನ್ನೇ ಬಳಸಿ, 1929ರ ಹೊತ್ತಿಗೆ ನೆಲವನ್ನು ಬಿಟ್ಟೇಳದ ಒಂದು ಪುಟ್ಟ ‘ವಿಮಾನ’ವನ್ನು ಕಟ್ಟಿದ್ದನು. ಒಳಗೆ ಕುಳಿತವನು ಹಿಡಿಗೋಲನ್ನು ಆಡಿಸಿದಂತೆ ಅದು ವಾಲುತ್ತಿತ್ತು, ಮೂತಿಯೆತ್ತುತ್ತಿತ್ತು, ತಿರುಗುತ್ತಿತ್ತು. ಮೊದಮೊದಲು ಅದನ್ನು ಕೊಂಡವರು ವಿನೋದೋದ್ಯಾನಗಳವರು. ಅಂಚೆ ವಿಮಾನಗಳ ದುರಂತದ ಬಳಿಕ ಸೇನೆಯೇ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಲಕ್ಷಾಂತರ ಮಂದಿ ಅಂಥ ಯಂತ್ರಗಳಲ್ಲಿ ಕುಳಿತು ಹಾರಾಟದ ಮೊದಲ ಪಾಠಗಳನ್ನು ಕಲಿತಿದ್ದರು. ಆಟಿಕೆಯೆಂದು ತೋರಿದ್ದು ಪಾಠಶಾಲೆಯಾಯಿತು.

ಇಂದು ಆ ಪಾಠಶಾಲೆ ಮೇಜಿನ ಮೇಲೆಯೇ ಬಂದು ಕುಳಿತಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್ವಿಕ್ ಎಂಬ ಎಂಜಿನಿಯರು ಪುಟ್ಟ ಕಂಪ್ಯೂಟರಿನ ತೆರೆಯ ಮೇಲೆ ವಿಮಾನ ಹಾರಾಟವನ್ನು ತೋರಿಸುವ ಕಾರ್ಯಕ್ರಮವನ್ನು ಬರೆದನು. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ‘ಫ್ಲೈಟ್ ಸಿಮ್ಯುಲೇಟರ್’ ಎಂಬ ಹೆಸರಿನಿಂದ ಹೊರತಂದಿತು. ಕೆಲವು ನೂರು ಕಿಲೋಬೈಟುಗಳು ಮಾತ್ರ ಹಿಡಿಸುವ ಒಂದು ಫ್ಲಾಪಿಯಲ್ಲಿ ಇಡೀ ಕಾರ್ಯಕ್ರಮ ಅಡಗಿತ್ತು. ಅದೇ ವಂಶದ 2020ರ ಆವೃತ್ತಿಯನ್ನು ನೆಲೆಗೊಳಿಸಲು 150 ಗಿಗಾಬೈಟುಗಳಷ್ಟು ಸ್ಥಳ ಬೇಕಾಯಿತು. ಯೂರೋಪಿನಲ್ಲಿ ಅದು ಹತ್ತು ಡಿವಿಡಿ ತಟ್ಟೆಗಳಲ್ಲಿ ಮಾರಾಟವಾಯಿತು. ನಲವತ್ತು ವರ್ಷಗಳೊಳಗಾಗಿ ಹಲವು ಲಕ್ಷ ಮಡಿ ಬೆಳವಣಿಗೆ! ಇಷ್ಟು ದೊಡ್ಡ ಲೋಕವನ್ನು ಹೊತ್ತು ನಡೆಸಬೇಕಾದ ಕಂಪ್ಯೂಟರನ್ನು ಹೇಗೆ ಆರಿಸಬೇಕು? ಅದರಲ್ಲಿಯೂ, ಕೊಳ್ಳುವವರನ್ನು ಹೆಚ್ಚು ಗೊಂದಲಕ್ಕೆ ಈಡುಮಾಡುವ ಎರಡು ಅಂಗಗಳನ್ನು, ಎಂದರೆ ಮದರ್‌ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ, ಯಾವ ಲೆಕ್ಕದ ಮೇಲೆ ಕೊಳ್ಳಬೇಕು? ಇದೇ ಈ ಲೇಖನದ ವಿಷಯ.

ಒಬ್ಬ ವಿದ್ಯಾರ್ಥಿಯ ಅನುಭವ

ನನಗೆ ಪರಿಚಿತನಾದ ಒಬ್ಬ ಕಾಲೇಜು ವಿದ್ಯಾರ್ಥಿಗೆ ವಿಮಾನಿಯಾಗಬೇಕೆಂಬ ಹಂಬಲ. ಹಾರಾಟದ ಶಾಲೆಯ ಶುಲ್ಕ ಮನೆಯವರ ಕೈಗೆ ಎಟುಕುವಂಥದಲ್ಲ. ಮೊದಲು ಮನೆಯಲ್ಲಿಯೇ ಅಭ್ಯಾಸ ಮಾಡೋಣವೆಂದು ಅವನು ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಎರಡು ವರ್ಷ ಹಣ ಕೂಡಿಹಾಕಿದನು. ಕೊರತೆ ಬಿದ್ದದ್ದನ್ನು ತಂದೆ ಅಡಿಕೆ ಮಾರಿದ ಹಣದಿಂದ ತುಂಬಿಕೊಟ್ಟರು. 2023ರಲ್ಲಿ ಅಂಗಡಿಗೆ ಹೋದನು. ಅಂಗಡಿಯವರು ತೋರಿಸಿದ ಪೆಟ್ಟಿಗೆಗಳ ಪೈಕಿ ಅತಿ ದೊಡ್ಡ ಅಂಕಿಯನ್ನು ಹೊತ್ತ ಎಸ್‌ಎಸ್‌ಡಿಯನ್ನೂ, ಬಣ್ಣದ ದೀಪಗಳಿಂದ ಝಗಝಗಿಸುವ ಅತಿ ಬೆಲೆಯ ಮದರ್‌ಬೋರ್ಡನ್ನೂ ಕೊಂಡನು. ಉಳಿದ ಹಣದಲ್ಲಿ ಸಾಧಾರಣ ಪ್ರೊಸೆಸರು ಮತ್ತು 16 ಗಿಗಾಬೈಟಿನ ಒಂದೇ ಒಂದು ರ‍್ಯಾಮ್ ಪಟ್ಟಿ, ಇಷ್ಟು ಮಾತ್ರ ಸಾಧ್ಯವಾಯಿತು.

ಮನೆಗೆ ಬಂದು ಯಂತ್ರವನ್ನು ಜೋಡಿಸಿ, ಬಜ್ಪೆಯ ಗುಡ್ಡದ ಮೇಲಿನ ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಯಲು ಹೊರಟನು. ಕಡಲನ್ನು ದಾಟುವವರೆಗೂ ಎಲ್ಲವೂ ಸುಗಮ. ಊರಿನ ಮನೆಗಳು, ಮರಗಳು, ನಿಲ್ದಾಣದ ಕಟ್ಟಡಗಳು ಹತ್ತಿರವಾದಂತೆಲ್ಲ ದೃಶ್ಯ ತಡೆತಡೆದು ಸಾಗತೊಡಗಿತು. ಅವನು ಹಿಡಿಗೋಲನ್ನು ಎಳೆದರೆ ವಿಮಾನ ಅರೆಕ್ಷಣ ತಡವಾಗಿ ಮೂತಿಯೆತ್ತುತ್ತಿತ್ತು. ಸಾಲದೆಂದು ಇನ್ನಷ್ಟು ಎಳೆದರೆ ಅದು ಮಿತಿಮೀರುತ್ತಿತ್ತು. ಎಷ್ಟು ಸಲ ಪ್ರಯತ್ನಿಸಿದರೂ ಇದೇ ಕಥೆ. ‘ಅತ್ಯಂತ ವೇಗದ ಡಿಸ್ಕು ಇದ್ದೂ ಹೀಗೇಕೆ?’ ಎಂದು ಅವನು ನನ್ನನ್ನು ಕೇಳಿದನು. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಯಂತ್ರದ ಗುಟ್ಟೇ ಬಯಲಾಗುತ್ತದೆ.

ಕಣ್ಣು, ಕೈ ಮತ್ತು 33 ಮಿಲಿಸೆಕೆಂಡು

ಸಿನಿಮಾದಲ್ಲಿ ಚಲನೆ ಎಂಬುದು ಬೇಗಬೇಗನೆ ಬದಲಾಗುವ ನಿಶ್ಚಲ ಚಿತ್ರಗಳ ಭ್ರಮೆ ಎಂಬುದನ್ನು ನಾವೆಲ್ಲ ಬಲ್ಲೆವು. ಸಿಮ್ಯುಲೇಟರಿನಲ್ಲಿಯೂ ಹಾಗೆಯೇ. ಒಂದು ವ್ಯತ್ಯಾಸವೆಂದರೆ, ಇಲ್ಲಿ ಚಿತ್ರಗಳನ್ನು ಮೊದಲೇ ತೆಗೆದಿಟ್ಟಿರುವುದಿಲ್ಲ. ವಿಮಾನಿ ಏನು ಮಾಡುವನೋ ಯಾರಿಗೆ ಗೊತ್ತು? ಆದುದರಿಂದ ಪ್ರತಿಯೊಂದು ಚಿತ್ರವನ್ನೂ ಆಯಾ ಕ್ಷಣದಲ್ಲಿಯೇ ಬರೆಯಬೇಕು. ಸೆಕೆಂಡಿಗೆ 30 ಚಿತ್ರಗಳು ಬೇಕೆಂದರೆ ಒಂದು ಚಿತ್ರಕ್ಕೆ ದೊರೆಯುವ ಕಾಲ 1000 ÷ 30, ಎಂದರೆ ಸುಮಾರು 33 ಮಿಲಿಸೆಕೆಂಡು. ಇಷ್ಟರಲ್ಲಿ ರೆಕ್ಕೆಯ ಮೇಲಿನ ಗಾಳಿಯ ಒತ್ತಡ, ಎಂಜಿನಿನ ಎಳೆತ, ಮೋಡಗಳ ಸ್ಥಾನ, ನೆಲದ ದೃಶ್ಯ ಎಲ್ಲವನ್ನೂ ಲೆಕ್ಕ ಹಾಕಿ ಮುಗಿಸಬೇಕು.

140 ನಾಟ್ ವೇಗದಲ್ಲಿ ಇಳಿಯುತ್ತಿರುವ ವಿಮಾನ ಸೆಕೆಂಡಿಗೆ ಸುಮಾರು 72 ಮೀಟರ್ ಸಾಗುತ್ತದೆ. ದೃಶ್ಯ ಅರ್ಧ ಸೆಕೆಂಡು ನಿಂತರೆ 36 ಮೀಟರ್ ದಾರಿ ಕಣ್ಣಿಗೆ ಬೀಳದೆಯೇ ಕಳೆದುಹೋಯಿತೆಂದು ಅರ್ಥ. ಕೈ ಮಾಡಿದ್ದರ ಫಲ ಕಣ್ಣಿಗೆ ತಡವಾಗಿ ಕಂಡರೆ ಕೈ ತಪ್ಪು ಪಾಠ ಕಲಿಯುತ್ತದೆ. ಅಭ್ಯಾಸಕ್ಕೆಂದು ಸಿಮ್ಯುಲೇಟರನ್ನು ಬಳಸುವವರಿಗೆ ತಡೆಯಿಲ್ಲದ ಚಲನೆ ಬರಿಯ ಸೊಗಸಿನ ಮಾತಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಕೆಲಸದಲ್ಲಿ ಯಾರ ಪಾತ್ರ ಏನು? ಒಂದು ಮದುವೆಮನೆಯ ಅಡಿಗೆಯ ಚಪ್ಪರವನ್ನು ಊಹಿಸಿಕೊಳ್ಳೋಣ. ಪ್ರೊಸೆಸರು ಮುಖ್ಯ ಅಡಿಗೆಯವನು. ಗ್ರಾಫಿಕ್ಸ್ ಕಾರ್ಡು ಎಲೆಯ ಮೇಲೆ ಬಡಿಸಿ ಅಂದಗೊಳಿಸುವವನು. ರ‍್ಯಾಮ್ ಎಂಬುದು ಅಡಿಗೆಯವನ ಕೈಯಳತೆಯಲ್ಲಿರುವ ಹಲಗೆ; ಆಗ ಬೇಕಾದ ಪದಾರ್ಥಗಳೆಲ್ಲ ಅದರ ಮೇಲಿರುತ್ತವೆ. ಎಸ್‌ಎಸ್‌ಡಿ ಉಗ್ರಾಣ. ಮದರ್‌ಬೋರ್ಡು ಇವರೆಲ್ಲರ ನಡುವಿನ ಓಣಿ, ಬಾಗಿಲುಗಳನ್ನು ಒಳಗೊಂಡ ಮನೆ. ಪಂಕ್ತಿಯಲ್ಲಿ ಕುಳಿತವರು ಕಾಯುತ್ತಿದ್ದಾರೆಂದರೆ ತಪ್ಪು ಎಲ್ಲಿದೆಯೆಂದು ನೋಡಬೇಕು. ಅಡಿಗೆಯವನ ಕೈ ನಿಧಾನವಾದರೆ ಉಗ್ರಾಣದ ಬಾಗಿಲನ್ನು ಅಗಲಮಾಡಿ ಫಲವೇನು?

ತಿರುಗುವ ತಟ್ಟೆ, ತಿರುಗದ ಉಗ್ರಾಣ

ಹಾರ್ಡ್ ಡಿಸ್ಕು ಮೊಟ್ಟಮೊದಲು ಬಂದದ್ದು 1956ರಲ್ಲಿ. ಐಬಿಎಂ ಸಂಸ್ಥೆಯ ಆ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಇಂದಿನ ಹಾರ್ಡ್ ಡಿಸ್ಕು ಅಂಗೈಯಗಲಕ್ಕೆ ಇಳಿದಿದ್ದರೂ ತತ್ತ್ವ ಅದೇ. ತಟ್ಟೆ ತಿರುಗುತ್ತದೆ, ತೋಳು ಓಡಾಡಿ ಬೇಕಾದ ಜಾಗವನ್ನು ಹುಡುಕುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 60 ÷ 7200 ಸೆಕೆಂಡು, ಅಂದರೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಅಂಶ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 4 ಮಿಲಿಸೆಕೆಂಡು. ತೋಳು ಚಲಿಸಲು ಇನ್ನೂ ಎಂಟೊಂಬತ್ತು. ಒಟ್ಟಿನಲ್ಲಿ ಒಂದು ಹುಡುಕಾಟಕ್ಕೆ 12 ಮಿಲಿಸೆಕೆಂಡು ಎಂದಿಟ್ಟುಕೊಂಡರೆ, ಒಂದು ಚಿತ್ರದ 33 ಮಿಲಿಸೆಕೆಂಡುಗಳಲ್ಲಿ ಹುಡುಕಲು ಸಾಧ್ಯವಾದದ್ದು ಎರಡೋ ಮೂರೋ ವಸ್ತುಗಳನ್ನು ಮಾತ್ರ! ಊರಿನ ಮೇಲೆ ಹಾರುವಾಗ ಬೇಕಾಗುವ ಮನೆಗಳ, ಮರಗಳ, ರಸ್ತೆಗಳ ಚೂರುಚಿತ್ರಗಳು ಸಾವಿರಾರು. ಹಾರ್ಡ್ ಡಿಸ್ಕಿನಿಂದ ಸಿಮ್ಯುಲೇಟರನ್ನು ನಡೆಸಿದರೆ ದೃಶ್ಯ ತಡವರಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ಎಸ್‌ಎಸ್‌ಡಿಯಲ್ಲಿ ತಿರುಗುವ ಅಂಗ ಒಂದೂ ಇಲ್ಲ. ಅದರೊಳಗೆ ಕೋಟ್ಯಂತರ ಸೂಕ್ಷ್ಮ ಕೋಶಗಳಿವೆ. ಪ್ರತಿಯೊಂದು ಕೋಶದಲ್ಲಿಯೂ ಸುತ್ತಲೂ ವಿದ್ಯುತ್ ಹರಿಯದ ಪದರದಿಂದ ಮುಚ್ಚಿದ ಒಂದು ಪುಟ್ಟ ಸೆರೆಮನೆ. ಅದರೊಳಗೆ ಎಷ್ಟು ಎಲೆಕ್ಟ್ರಾನುಗಳು ಸೆರೆ ಸಿಕ್ಕಿವೆ ಎಂಬುದರ ಮೇಲೆ ಸೊನ್ನೆಯೋ ಒಂದೋ ಎಂಬುದು ತೀರ್ಮಾನವಾಗುತ್ತದೆ. ವಿದ್ಯುತ್ತು ನಿಂತರೂ ಎಲೆಕ್ಟ್ರಾನುಗಳು ಸೆರೆಯಲ್ಲಿಯೇ ಉಳಿಯುತ್ತವೆ. 1967ರಲ್ಲಿ ಬೆಲ್ ಪ್ರಯೋಗಶಾಲೆಯ ಡವೊನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಈ ತತ್ತ್ವವನ್ನು ಮಂಡಿಸಿದರು. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುಓಕ ಅದನ್ನು 1980ರ ದಶಕದಲ್ಲಿ ‘ಫ್ಲ್ಯಾಷ್’ ಸ್ಮರಣೆಯಾಗಿ ಬೆಳೆಸಿದರು. ಇಲ್ಲಿ ಹುಡುಕಾಟವೆಂದರೆ ಬರಿಯ ವಿದ್ಯುತ್ ಸಂಕೇತದ ಓಡಾಟ. ಅದಕ್ಕೆ ಹಿಡಿಯುವ ಕಾಲ ಸುಮಾರು 0.1 ಮಿಲಿಸೆಕೆಂಡು, ಇಲ್ಲವೆ ಅದಕ್ಕಿಂತ ಕಡಮೆ. ಅದೇ 33 ಮಿಲಿಸೆಕೆಂಡುಗಳಲ್ಲಿ, ಒಂದಾದ ಮೇಲೊಂದರಂತೆ ಹುಡುಕಿದರೂ 300ಕ್ಕೂ ಹೆಚ್ಚು ವಸ್ತುಗಳು ಕೈಗೆ ಸಿಗುತ್ತವೆ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬರುವುದು ನೂರು ಮಡಿಯ ಜಿಗಿತ. ಸಿಮ್ಯುಲೇಟರಿಗೆ ಎಸ್‌ಎಸ್‌ಡಿ ಬೇಕೇ ಬೇಕು; ಇದರಲ್ಲಿ ಎರಡು ಮಾತಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿ

ಹಾಗಾದರೆ ಯಾವ ಎಸ್‌ಎಸ್‌ಡಿ? ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಕುಲಗಳಿವೆ. ಹಳೆಯದು ‘ಸಾಟಾ’. ಅದರಲ್ಲಿ ಸೆಕೆಂಡಿಗೆ ಸುಮಾರು 550 ಮೆಗಾಬೈಟುಗಳು ಹರಿಯುತ್ತವೆ. ಹೊಸದು ‘ಎನ್‌ವಿಎಂಇ’, ಚೂಯಿಂಗ್ ಗಮ್ಮಿನ ಪಟ್ಟಿಯಷ್ಟೇ ಉದ್ದವಿದ್ದು, ಮದರ್‌ಬೋರ್ಡಿನ ‘ಎಂ.2’ ಎಂಬ ಕಿಂಡಿಯಲ್ಲಿ ನೇರವಾಗಿ ಕೂಡುತ್ತದೆ. ಇದು ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೆದ್ದಾರಿಯ ನಾಲ್ಕು ಸಾಲುಗಳನ್ನು ಬಳಸುತ್ತದೆ. ಆ ಹೆದ್ದಾರಿಯ ಮೂರನೆಯ ತಲೆಮಾರಿನಲ್ಲಿ ಸೆಕೆಂಡಿಗೆ ಸುಮಾರು 3500 ಮೆಗಾಬೈಟು, ನಾಲ್ಕನೆಯದರಲ್ಲಿ 7000, ಐದನೆಯದರಲ್ಲಿ 10,000ದಿಂದ 14,000ದವರೆಗೆ ಹರಿವು ಸಾಧ್ಯ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಈ ಅಂಕಿಯೇ. ನಮ್ಮ ವಿದ್ಯಾರ್ಥಿ ಮರುಳಾದದ್ದೂ ಇದಕ್ಕೇ.

ಆದರೆ ಈ ಅಂಕಿ ಹೇಳುವುದು ಒಂದೇ ದೊಡ್ಡ ಕಡತವನ್ನು ಮೊದಲಿಂದ ಕೊನೆಯವರೆಗೆ ಓದಿದಾಗಿನ ವೇಗವನ್ನು. ಸಿಮ್ಯುಲೇಟರು ಹಾಗೆ ಓದುವುದು ಅಪರೂಪ. ಅದು ಇಲ್ಲೊಂದು ಚೂರು, ಅಲ್ಲೊಂದು ಚೂರು ಕೇಳುತ್ತದೆ. 4 ಕಿಲೋಬೈಟಿನ ಚೂರುಗಳನ್ನು ಒಂದೊಂದಾಗಿ ಕೇಳಿದಾಗ ಹಾರ್ಡ್ ಡಿಸ್ಕು ಸೆಕೆಂಡಿಗೆ 1 ಮೆಗಾಬೈಟನ್ನೂ ಮುಟ್ಟದು. ಸಾಟಾ ಎಸ್‌ಎಸ್‌ಡಿ 30-40 ಮೆಗಾಬೈಟು ಕೊಡುತ್ತದೆ. ಎನ್‌ವಿಎಂಇಯಲ್ಲಿ ಅದು ಸುಮಾರು ಇಮ್ಮಡಿಯಾಗಬಹುದು. ಆದರೆ ಮೂರನೆಯ ತಲೆಮಾರಿಗೂ ಐದನೆಯದಕ್ಕೂ ನಡುವೆ ಇಲ್ಲಿ ಕಾಣುವ ಅಂತರ ಚಿಕ್ಕದು. ಏಕೆಂದರೆ, ಹೆದ್ದಾರಿ ಎಷ್ಟೇ ಅಗಲವಾದರೂ ಕೋಶದ ಬಾಗಿಲು ತೆರೆದು ಎಲೆಕ್ಟ್ರಾನುಗಳನ್ನು ಎಣಿಸಲು ಬೇಕಾಗುವ ಕಾಲ ಹೆಚ್ಚು ಬದಲಾಗಿಲ್ಲ. ಅದೂ ಅಲ್ಲದೆ, ಡಿಸ್ಕಿನಿಂದ ಬಂದ ದತ್ತಾಂಶ ಮಡಿಚಿಟ್ಟ ಬಟ್ಟೆಯಂತೆ ಸಂಕುಚಿತವಾಗಿರುತ್ತದೆ. ಅದನ್ನು ಬಿಡಿಸಬೇಕಾದವನು ಪ್ರೊಸೆಸರು. ಅವನು ಬಿಡಿಸುವುದಕ್ಕಿಂತ ವೇಗವಾಗಿ ತಂದು ರಾಶಿ ಹಾಕಿದರೆ ರಾಶಿ ಬೆಳೆಯುತ್ತದೆಯೇ ಹೊರತು ಕೆಲಸ ಮುಗಿಯುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಮೈಕ್ರೋಸಾಫ್ಟಿನ 2020ರ ಆವೃತ್ತಿಗೆ ಆಧಾರವಾದ ಭೂಮಿಯ ಚಿತ್ರಗಳು 2 ಪೆಟಾಬೈಟಿಗೂ ಮಿಗಿಲು. ಎಂದರೆ 1 ಟೆರಾಬೈಟಿನ 2000 ಡಿಸ್ಕುಗಳಲ್ಲಿಯೂ ಹಿಡಿಸದಷ್ಟು! ಆದುದರಿಂದ ಹಾರುವ ಪ್ರದೇಶದ ಚಿತ್ರಗಳು ಆಗಿಂದಾಗ ಅಂತರಜಾಲದ ಮೂಲಕ ಬರುತ್ತವೆ. 2024ರ ನವೆಂಬರಿನಲ್ಲಿ ಬಂದ ಆವೃತ್ತಿಯಲ್ಲಿ ಈ ಪದ್ಧತಿ ಇನ್ನೂ ಮುಂದುವರಿದು, ಡಿಸ್ಕಿನಲ್ಲಿ ಕೇಳುವ ಸ್ಥಳ 50 ಗಿಗಾಬೈಟಿಗೆ ಇಳಿದಿದೆ. ಬದಲಾಗಿ ಸೆಕೆಂಡಿಗೆ ಕನಿಷ್ಠ 10, ಸಾಧಾರಣ 50 ಮೆಗಾಬಿಟ್‌ಗಳ ಸಂಪರ್ಕ ಬೇಕೆಂದು ತಯಾರಕರೇ ಸೂಚಿಸಿದ್ದಾರೆ. ಸಂಪರ್ಕ ನಿಧಾನವಾಗಿದ್ದರೆ ಯಾವ ಎಸ್‌ಎಸ್‌ಡಿಯೂ ಆ ಕೊರತೆಯನ್ನು ತುಂಬಲಾರದು. ಇದಕ್ಕೆ ಪ್ರತಿಯಾಗಿ, ಆಸ್ಟಿನ್ ಮೇಯರ್ ಎಂಬಾತ ರೂಪಿಸಿದ ‘ಎಕ್ಸ್-ಪ್ಲೇನ್’ ತನ್ನ ಭೂದೃಶ್ಯವನ್ನು ಡಿಸ್ಕಿನಲ್ಲಿಯೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಛಾಯಾಚಿತ್ರದ ನೆಲವನ್ನು ಸೇರಿಸುತ್ತ ಹೋದವರ ಡಿಸ್ಕಿನಲ್ಲಿ ನೂರಾರು ಗಿಗಾಬೈಟುಗಳು ಬೇಗನೆ ತುಂಬಿಹೋಗುತ್ತವೆ. ಆದ್ದರಿಂದ ಮೊದಲು ಯಾವ ಸಿಮ್ಯುಲೇಟರು ಎಂಬುದನ್ನು ನಿಶ್ಚಯಿಸಿ, ಅನಂತರ ಡಿಸ್ಕಿನ ಅಳತೆಯನ್ನು ನಿಶ್ಚಯಿಸಬೇಕು. ಸಾಮಾನ್ಯವಾಗಿ 1 ಟೆರಾಬೈಟು ಆರಂಭಕ್ಕೆ ಸಾಕು. ಎಕ್ಸ್-ಪ್ಲೇನ್ ಪ್ರಿಯರಿಗೆ 2 ಟೆರಾಬೈಟು ಒಳ್ಳೆಯದು.

ಕೋಶದಲ್ಲಿ ಎಷ್ಟು ಬಿಟ್?

ವೇಗದ ಅಂಕಿಗಿಂತ ಮುಖ್ಯವಾದ, ಆದರೆ ಪೆಟ್ಟಿಗೆಯ ಮೇಲೆ ಚಿಕ್ಕ ಅಕ್ಷರದಲ್ಲಿರುವ ಅಥವಾ ಇಲ್ಲವೇ ಇಲ್ಲದ ಮಾತೊಂದಿದೆ. ಅದು ಕೋಶದ ಜಾತಿ. ‘ಟಿಎಲ್‌ಸಿ’ ಎಂಬುದರಲ್ಲಿ ಒಂದು ಕೋಶದಲ್ಲಿ 3 ಬಿಟ್‌ಗಳಿರುತ್ತವೆ. ಅದಕ್ಕಾಗಿ ವಿದ್ಯುದಂಶದ 8 ಮಟ್ಟಗಳನ್ನು ಗುರುತಿಸಬೇಕು. ‘ಕ್ಯೂಎಲ್‌ಸಿ’ಯಲ್ಲಿ 4 ಬಿಟ್, ಎಂದರೆ 16 ಮಟ್ಟಗಳು. ಅದೇ ಲೋಟದಲ್ಲಿ ಎಂಟು ಗೆರೆಗಳ ಬದಲು ಹದಿನಾರು ಗೆರೆ ಹಾಕಿ ನೀರನ್ನು ಅಳೆದಂತೆ. ಅಳತೆ ನಿಧಾನ, ತಪ್ಪು ಹೆಚ್ಚು, ಸವೆತವೂ ಹೆಚ್ಚು. ಕ್ಯೂಎಲ್‌ಸಿ ಡಿಸ್ಕು ಅಗ್ಗ. ಆದರೆ ತುಂಬುತ್ತ ಬಂದಂತೆ ಅದರ ಬರೆಯುವ ವೇಗ ಬಹಳವಾಗಿ ಕುಸಿಯುತ್ತದೆ. ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದರೆ ಟಿಎಲ್‌ಸಿಯನ್ನೇ ಆರಿಸುವುದು ವಿವೇಕ. ಯಾವ ಡಿಸ್ಕನ್ನೇ ಕೊಂಡರೂ ಐದನೆಯ ಒಂದು ಭಾಗವನ್ನು ಖಾಲಿ ಬಿಡುವುದು ಹಿತ.

ಸವೆತಕ್ಕೆ ಹೆದರಬೇಕೆ? ಲೆಕ್ಕ ಹಾಕಿ ನೋಡೋಣ. 1 ಟೆರಾಬೈಟಿನ ಮಧ್ಯಮ ದರ್ಜೆಯ ಟಿಎಲ್‌ಸಿ ಡಿಸ್ಕಿಗೆ ಸಾಮಾನ್ಯವಾಗಿ 600 ಟೆರಾಬೈಟು ಬರೆಯುವವರೆಗೆ ಭರವಸೆ ಕೊಟ್ಟಿರುತ್ತಾರೆ. ದಿನಕ್ಕೆ 50 ಗಿಗಾಬೈಟು ಬರೆದರೂ 6,00,000 ÷ 50 = 12,000 ದಿನಗಳು, ಸುಮಾರು 33 ವರ್ಷ. ಸಿಮ್ಯುಲೇಟರು ಓದುವುದೇ ಹೆಚ್ಚು, ಬರೆಯುವುದು ಕಡಮೆ. ಆದ್ದರಿಂದ ಈ ಭಯಕ್ಕೆ ಕಾರಣವಿಲ್ಲ.

ಮದರ್‌ಬೋರ್ಡು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮದರ್‌ಬೋರ್ಡು ಸ್ವತಃ ಲೆಕ್ಕ ಮಾಡುವುದಿಲ್ಲ, ಚಿತ್ರ ಬರೆಯುವುದಿಲ್ಲ. ಅದೇ ಪ್ರೊಸೆಸರನ್ನು ಸಾಧಾರಣ ಬೋರ್ಡಿನಲ್ಲಿಯೂ ಅದರ ಮೂರು ಪಾಲು ಬೆಲೆಯ ಬೋರ್ಡಿನಲ್ಲಿಯೂ ಕೂಡಿಸಿ ಹಾರಿದರೆ, ಎರಡೂ ಸರಿಯಾಗಿ ತಯಾರಾದವುಗಳಾಗಿದ್ದಲ್ಲಿ, ಸೆಕೆಂಡಿಗೆ ಮೂಡುವ ಚಿತ್ರಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿರುವುದಿಲ್ಲ. ಹಾಗಾದರೆ ಅದನ್ನು ಯಾವ ಗುಣಗಳಿಗಾಗಿ ಆರಿಸಬೇಕು?

ಮೊದಲನೆಯದು ಕುಳಿ, ಎಂದರೆ ಪ್ರೊಸೆಸರು ಕೂಡುವ ಸಾಕೆಟ್. ಒಂದು ಕುಳಿಯ ಪ್ರೊಸೆಸರು ಇನ್ನೊಂದರಲ್ಲಿ ಕೂಡದು. ಎಎಂಡಿ ಸಂಸ್ಥೆಯ ‘ಎಎಂ4’ ಕುಳಿ 2016ರಲ್ಲಿ ಬಂದಿತು. ಅದಕ್ಕೆ 2022ರಲ್ಲಿಯೂ ಹೊಸ ಪ್ರೊಸೆಸರುಗಳು ಬಂದವು. 2022ರ ಏಪ್ರಿಲಿನಲ್ಲಿ ಬಂದ ‘ರೈಜನ್ 7 5800ಎಕ್ಸ್3ಡಿ’ ಅವುಗಳಲ್ಲೊಂದು. ಪ್ರೊಸೆಸರಿನೊಳಗೇ ಇರುವ ಕ್ಯಾಶ್ ಎಂಬ ಶೀಘ್ರ ಸ್ಮರಣೆಯನ್ನು ಒಂದರ ಮೇಲೊಂದು ಪದರವಾಗಿ ಪೇರಿಸಿ ಅದರಲ್ಲಿ 96 ಮೆಗಾಬೈಟಿಗೆ ಏರಿಸಿದ್ದರು. ಸಿಮ್ಯುಲೇಟರಿನ ಮುಖ್ಯ ಲೆಕ್ಕಗಳ ಬಹುಭಾಗ ಒಂದೇ ಸರಣಿಯಲ್ಲಿ, ಒಂದರ ಹಿಂದೆ ಒಂದರಂತೆ ನಡೆಯುವುದರಿಂದ, ಕೈಗೆ ಹತ್ತಿರವಿರುವ ಈ ದೊಡ್ಡ ಸ್ಮರಣೆ ಅದಕ್ಕೆ ಬಹಳ ಒಗ್ಗಿಬರುತ್ತದೆ. 2016ರ ಕುಳಿಯ ಬೋರ್ಡುಗಳನ್ನು ಇಟ್ಟುಕೊಂಡಿದ್ದ ಅನೇಕರು ಪ್ರೊಸೆಸರನ್ನು ಮಾತ್ರ ಬದಲಿಸಿ ಹೊಸ ಚೈತನ್ಯ ಪಡೆದರು. ಅದರ ಉತ್ತರಾಧಿಕಾರಿಯಾದ ‘ಎಎಂ5’ 2022ರಲ್ಲಿ ಬಂದಿತು. ಇಂಟೆಲ್ ಸಂಸ್ಥೆ 2021ರಲ್ಲಿ ‘ಎಲ್‌ಜಿಎ 1700’ ಕುಳಿಯನ್ನೂ 2024ರಲ್ಲಿ ‘ಎಲ್‌ಜಿಎ 1851’ ಕುಳಿಯನ್ನೂ ತಂದಿತು. ಬೋರ್ಡನ್ನು ಕೊಳ್ಳುವಾಗ ‘ಇದರಲ್ಲಿ ನಾಳೆ ಇನ್ನೂ ಉತ್ತಮ ಪ್ರೊಸೆಸರನ್ನು ಕೂಡಿಸಲು ಬರುತ್ತದೆಯೆ?’ ಎಂದು ಕೇಳಬೇಕು.

ಎರಡನೆಯದು ವಿದ್ಯುತ್ ಪೂರೈಕೆ. ಎಸ್‌ಎಂಪಿಎಸ್ ಪೆಟ್ಟಿಗೆ ಕೊಡುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1.2 ವೋಲ್ಟಿಗೆ ಇಳಿಸುವುದು ಬೋರ್ಡಿನ ಮೇಲಿನ ‘ವಿಆರ್‌ಎಂ’ ಎಂಬ ಭಾಗ. ಸಾಮರ್ಥ್ಯವೆಂದರೆ ವೋಲ್ಟ್ ಮತ್ತು ಆಂಪಿಯರುಗಳ ಗುಣಲಬ್ಧ ಎಂದು ಭೌತವಿಜ್ಞಾನದಲ್ಲಿ ಓದಿದ್ದೇವಷ್ಟೆ. 120 ವಾಟ್ ಬಳಸುವ ಪ್ರೊಸೆಸರಿಗೆ 120 ÷ 1.2 = 100 ಆಂಪಿಯರ್ ಹರಿಯಬೇಕು! ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಹರಿಯುವುದು ನಾಲ್ಕೈದು ಆಂಪಿಯರ್ ಮಾತ್ರ. ಅಷ್ಟು ಪ್ರವಾಹ ಹರಿಯುವ ಭಾಗ ಕಾಯದೆ ಇರಲಾರದು. ತೀರ ಅಗ್ಗದ ಬೋರ್ಡಿನಲ್ಲಿ ಆ ಭಾಗದ ಮೇಲೆ ಲೋಹದ ಹೊದಿಕೆ ಇರುವುದಿಲ್ಲ. ಕಾವು ಮಿತಿಮೀರಿದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ಬೇಸಗೆಯಲ್ಲಿ ಗಂಟೆಗಟ್ಟಲೆ ಹಾರುವವರಿಗೆ ಲೋಹದ ಹೊದಿಕೆಯುಳ್ಳ ಮಧ್ಯಮ ದರ್ಜೆಯ ಬೋರ್ಡು ಅವಶ್ಯಕ. ಅದಕ್ಕಿಂತ ಮೇಲಿನದು ಆಡಂಬರ.

ಮೂರನೆಯದು ರ‍್ಯಾಮಿನ ಕಿಂಡಿಗಳು. ಡಿಡಿಆರ್4 ಪಟ್ಟಿ ಡಿಡಿಆರ್5 ಕಿಂಡಿಯಲ್ಲಿ ಕೂಡದು. ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಎರಡು ದಾರಿಗಳಿವೆ; ಒಂದೇ ಪಟ್ಟಿ ಹಾಕಿದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ. 32 ಗಿಗಾಬೈಟು ಬೇಕಾದರೆ 16ರ ಎರಡು ಪಟ್ಟಿಗಳನ್ನು ಬೋರ್ಡಿನ ಕೈಪಿಡಿ ಹೇಳಿದ ಕಿಂಡಿಗಳಲ್ಲಿಯೇ ಹಾಕಬೇಕು. 2024ರ ಆವೃತ್ತಿಗೆ ತಯಾರಕರು ಕನಿಷ್ಠ 16, ಸಾಧಾರಣ 32, ಅತ್ಯುತ್ತಮ 64 ಗಿಗಾಬೈಟು ಎಂದು ಸೂಚಿಸಿದ್ದಾರೆ.

ನಾಲ್ಕನೆಯದು ಸಾಲುಗಳ ಹಂಚಿಕೆ. ‘ರೈಜನ್ 7000’ ಸಾಲಿನ ಸಾಮಾನ್ಯ ಮೇಜಿನ ಪ್ರೊಸೆಸರಿನಿಂದ ಪಿಸಿಐ ಎಕ್ಸ್‌ಪ್ರೆಸ್ಸಿನ 28 ಸಾಲುಗಳು ಹೊರಡುತ್ತವೆ. 16 ಗ್ರಾಫಿಕ್ಸ್ ಕಾರ್ಡಿಗೆ, 4 ಎಂ.2 ಡಿಸ್ಕಿಗೆ, ಇನ್ನೂ 4 ಬೋರ್ಡು ತಯಾರಕರ ಇಷ್ಟಕ್ಕೆ, ಉಳಿದ 4 ‘ಚಿಪ್‌ಸೆಟ್’ ಎಂಬ ಕೂಡುನಿಲ್ದಾಣಕ್ಕೆ. ಮುಖ್ಯ ಎಸ್‌ಎಸ್‌ಡಿಯನ್ನು ಪ್ರೊಸೆಸರಿಗೆ ನೇರವಾಗಿ ಸೇರಿದ ಕಿಂಡಿಯಲ್ಲಿ ಕೂಡಿಸಬೇಕು. ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ಕಿಂಡಿಯನ್ನು ಬಳಸಿದೊಡನೆ ಗ್ರಾಫಿಕ್ಸ್ ಕಾರ್ಡಿನ ಸಾಲುಗಳು ಹದಿನಾರರಿಂದ ಎಂಟಕ್ಕೆ ಇಳಿಯುತ್ತವೆ. ಬೇರೆ ಕೆಲವದರಲ್ಲಿ ಒಂದೆರಡು ಸಾಟಾ ಕಿಂಡಿಗಳು ಸುಮ್ಮನಾಗುತ್ತವೆ. ಹಾಗೆಯೇ, ಎಂ.2 ಆಕಾರದ ಡಿಸ್ಕುಗಳೆಲ್ಲ ಎನ್‌ವಿಎಂಇ ಅಲ್ಲ, ಸಾಟಾ ಜಾತಿಯವೂ ಉಂಟು. ಎಂ.2 ಕಿಂಡಿಗಳೆಲ್ಲ ಎರಡೂ ಜಾತಿಯನ್ನು ಸ್ವೀಕರಿಸುವುದಿಲ್ಲ. ಇವೆಲ್ಲ ಕೈಪಿಡಿಯಲ್ಲಿ ಬರೆದಿರುತ್ತವೆ. ಕೈಪಿಡಿಯನ್ನು ತಯಾರಕರ ತಾಣದಿಂದ ಕೊಳ್ಳುವ ಮೊದಲೇ ಪಡೆದು ಓದಬಹುದು.

ಐದನೆಯದು ಯುಎಸ್‌ಬಿ ಕಿಂಡಿಗಳ ಸಂಖ್ಯೆ. ಹಿಡಿಗೋಲು, ಥ್ರಾಟಲ್, ಕಾಲಿನ ಪೆಡಲುಗಳು, ಕೀಲಿಮಣೆ, ಮೌಸ್, ಕಿವಿಯ ಹೆಡ್‌ಸೆಟ್; ಆಗಲೇ ಆರಾದವು. ಹಿಂಭಾಗದಲ್ಲಿ ಆರೆಂಟು ಕಿಂಡಿಗಳಿರುವುದು ಅನುಕೂಲ. ಕೊನೆಯದಾಗಿ, ಪ್ರೊಸೆಸರಿಲ್ಲದೆಯೂ ಬೋರ್ಡಿನ ಬಯಾಸನ್ನು ಹೊಸದಾಗಿಸುವ ಗುಂಡಿಯೊಂದು ಇದ್ದರೆ ಒಳ್ಳೆಯದು. ಬೋರ್ಡು ಹಳೆಯ ದಾಸ್ತಾನಿನದಾಗಿ ಪ್ರೊಸೆಸರು ಹೊಸದಾದಾಗ ಒಂದನ್ನೊಂದು ಗುರುತಿಸದೆ ಹೋಗುವುದುಂಟು; ಆಗ ಈ ಗುಂಡಿ ಕೆಲಸಕ್ಕೆ ಬರುತ್ತದೆ.

ಮೊದಲು ಅಳತೆ, ಆಮೇಲೆ ಖರೀದಿ

ಈಗ ನಮ್ಮ ವಿದ್ಯಾರ್ಥಿಯ ಬಳಿಗೆ ಮರಳೋಣ. ಮಂಗಳೂರಿನಲ್ಲಿ ಇಳಿಯುತ್ತಿದ್ದಾಗ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡುವಂತೆ ಅವನಿಗೆ ಹೇಳಿದೆನು. ಆ ಬೆಲೆಬಾಳುವ ಡಿಸ್ಕು ಬಹುಪಾಲು ಹೊತ್ತು ಸುಮ್ಮನೆ ಕುಳಿತಿತ್ತು! ಸಿಮ್ಯುಲೇಟರಿನೊಳಗೇ ಇರುವ ಅಳತೆಯ ಪಟ್ಟಿಯನ್ನು ತೆರೆದಾಗ, ತಡೆ ಇರುವುದು ಮುಖ್ಯ ಲೆಕ್ಕದ ಸರಣಿಯಲ್ಲಿ, ಎಂದರೆ ಪ್ರೊಸೆಸರಿನಲ್ಲಿ, ಎಂದು ಅದೇ ಬರೆದು ತೋರಿಸಿತು. ಉಗ್ರಾಣ ತುಂಬಿತ್ತು, ಬಾಗಿಲು ಅಗಲವಾಗಿತ್ತು. ಅಡಿಗೆಯವನಿಗೆ ಕೈ ಸಾಲದು. ಅವನ ಹಲಗೆಯೂ ಚಿಕ್ಕದು. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ಅವನು ಮೊದಲು ಅದೇ ಬಗೆಯ ಇನ್ನೊಂದು ರ‍್ಯಾಮ್ ಪಟ್ಟಿಯನ್ನು ಹಾಕಿದನು. ಅತಿ ಕಡಮೆ ಖರ್ಚಿನಲ್ಲಿಯೇ ದೊಡ್ಡ ತಡೆಗಳು ತಗ್ಗಿದವು. ಅನಂತರ ಎಂಟು ತಿಂಗಳು ಮತ್ತೆ ಪಾಠ ಹೇಳಿ, ಅದೇ ಎಎಂ5 ಕುಳಿಗೆ ಒಗ್ಗುವ, 96 ಮೆಗಾಬೈಟು ಕ್ಯಾಶ್ ಇರುವ ಪ್ರೊಸೆಸರನ್ನು ಕೊಂಡು ಕೂಡಿಸಿದನು. ದೃಶ್ಯ ನೀರಿನಂತೆ ಹರಿಯಿತು. ಬೋರ್ಡು ಅವನಿಗೆ ಮಾಡಿದ ನಿಜವಾದ ಉಪಕಾರ ಇದೊಂದೇ, ಪ್ರೊಸೆಸರಿನ ಬದಲಾವಣೆಗೆ ಎಡೆಮಾಡಿಕೊಟ್ಟದ್ದು. ಆದರೆ ಅದೇ ಕುಳಿಯ ಮಧ್ಯಮ ಬೋರ್ಡು ಕೂಡ ಈ ಉಪಕಾರವನ್ನು ಮಾಡುತ್ತಿತ್ತು. ನಾಲ್ಕನೆಯ ತಲೆಮಾರಿನ ಟಿಎಲ್‌ಸಿ ಡಿಸ್ಕನ್ನೂ ಅಂಥ ಬೋರ್ಡನ್ನೂ ಮೊದಲೇ ಕೊಂಡಿದ್ದರೆ ಉಳಿಯುತ್ತಿದ್ದ ಹಣದಲ್ಲಿ ಆ ಪ್ರೊಸೆಸರು ಮೊದಲ ದಿನವೇ ಮನೆಗೆ ಬರುತ್ತಿತ್ತು. ಎಂಟು ತಿಂಗಳು ಉಳಿಯುತ್ತಿತ್ತು.

ಹಣವನ್ನು ಹಂಚುವ ಕ್ರಮ ಇದರಿಂದಲೇ ಹೊರಡುತ್ತದೆ. ಮೊದಲು ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡು. ಅನಂತರ ಎರಡು ಪಟ್ಟಿಗಳಾಗಿ 32 ಗಿಗಾಬೈಟು ರ‍್ಯಾಮ್. ಅನಂತರ ಅಗತ್ಯಕ್ಕೆ ತಕ್ಕ ಅಳತೆಯ ಎಸ್‌ಎಸ್‌ಡಿ. ಕೊನೆಗೆ ಇವೆಲ್ಲವನ್ನೂ ಕಾಯದೆ, ಕುಂದದೆ ಹೊರುವ, ನಾಳೆಗೂ ಬಾಗಿಲು ತೆರೆದಿಡುವ ಮಧ್ಯಮ ಮದರ್‌ಬೋರ್ಡು. ಆಗಲೇ ಕಂಪ್ಯೂಟರು ಇರುವವರು ಏನನ್ನಾದರೂ ಕೊಳ್ಳುವ ಮೊದಲು ಹಾರುತ್ತ ಅಳೆದು ನೋಡಬೇಕು. ಎಲ್ಲಿ ಕಾಯುವಿಕೆ ಇದೆಯೋ ಅಲ್ಲಿ ಹಣ ಹಾಕಬೇಕು, ಎಲ್ಲಿ ದೊಡ್ಡ ಅಂಕಿ ಇದೆಯೋ ಅಲ್ಲಿ ಅಲ್ಲ.

ಮೇಜಿನ ಮುಂದೆ ಕಳೆದ ಗಂಟೆಗಳನ್ನು ವಿಮಾನಿಯ ಪರವಾನಗಿಗೆ ಲೆಕ್ಕ ಹಿಡಿಯುವುದಿಲ್ಲ. ಇದು ನಮ್ಮ ವಿದ್ಯಾರ್ಥಿಗೂ ಗೊತ್ತು. ಆದರೂ ಅವನು ವಾರಕ್ಕೆ ಮೂರು ಸಂಜೆ ಬಜ್ಪೆಯ ಗುಡ್ಡದ ಮೇಲೆ ಇಳಿಯುತ್ತಾನೆ. ಈಗ ಇಳಿತ ಕೆಟ್ಟರೆ ತಪ್ಪು ತನ್ನ ಕೈಯದೇ ಎಂದು ಅವನಿಗೆ ತಿಳಿಯುತ್ತದೆ; ಯಂತ್ರದ ಮೇಲೆ ಹೊರಿಸುವಂತಿಲ್ಲ. ಮುಳ್ಳುಗಳನ್ನು ನಂಬಿ, ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುವುದನ್ನು ಕಲಿಯಲೆಂದೇ ತೊಂಬತ್ತು ವರ್ಷಗಳ ಹಿಂದೆ ತರುಣರು ಆರ್ಗನ್ ಕಾರ್ಖಾನೆಯ ಆ ತಿದಿಗಳ ಯಂತ್ರದಲ್ಲಿ ಕುಳಿತದ್ದು.